ದುಬಾರಿ ಹೈಬ್ರಿಡ್ ಕಾರಿಗೆ ತೆರಿಗೆ ವಿನಾಯಿತಿ ಸಲ್ಲದು

ಉತ್ತರ ಪ್ರದೇಶ ಸರ್ಕಾರ 2024ರ ಜುಲೈನಲ್ಲಿ ಸ್ಟ್ರಾಂಗ್ ಹೈಬ್ರಿಡ್ ಮತ್ತು ಪ್ಲಗ್-ಇನ್ ಹೈಬ್ರಿಡ್ ಕಾರುಗಳ ನೋಂದಣಿ ತೆರಿಗೆಯನ್ನು ಪೂರ್ತಿ ಮನ್ನಾ ಮಾಡಿದಾಗ ಕಾರು ಉದ್ಯಮ ಎರಡು ಬಣವಾಯಿತು. ಹೈಬ್ರಿಡ್ ಮಾರುವ ಟೊಯೊಟಾ, ಮಾರುತಿ ಸುಜುಕಿ ಒಂದು ಕಡೆ. ವಿದ್ಯುತ್ ಕಾರುಗಳಿಗೆ ಬಂಡವಾಳ ಸುರಿದಿರುವ ಟಾಟಾ, ಮಹೀಂದ್ರಾ ಇನ್ನೊಂದು ಕಡೆ. ಯಾವ ಕಂಪನಿ ಗೆಲ್ಲಬೇಕು ಎಂಬುದು ಅವುಗಳ ಷೇರುದಾರರ ಚಿಂತೆ. ನಾಗರಿಕರು ಕೇಳಬೇಕಾದದ್ದು ಬೇರೆ. ಸರ್ಕಾರ ಬಿಟ್ಟುಕೊಡುವ ಪ್ರತಿಯೊಂದು ರೂಪಾಯಿ ತೆರಿಗೆಯೂ ಸಾರ್ವಜನಿಕರ ದುಡ್ಡು. ಆ ದುಡ್ಡಿನಿಂದ ಎಷ್ಟು ಪೆಟ್ರೋಲ್ ಉಳಿಯುತ್ತದೆ, ಅದು ಯಾರ ಜೇಬು ಸೇರುತ್ತದೆ? ಹೀಗೆ ಲೆಕ್ಕ ಹಾಕಿದರೆ ದುಬಾರಿ ಹೈಬ್ರಿಡ್ ಕಾರಿಗೆ ರಿಯಾಯಿತಿ ಕೊಡಲು ಸಮರ್ಥನೆಯೇ ಸಿಗುವುದಿಲ್ಲ.

ಮೊದಲು ಐಷಾರಾಮಿ ಪ್ಲಗ್-ಇನ್ ಹೈಬ್ರಿಡ್‌ಗಳನ್ನೇ ನೋಡೋಣ. 2022ರಲ್ಲಿ ಬಂದ ಬಿಎಂಡಬ್ಲ್ಯು ಎಕ್ಸ್‌ಎಂ ಸುಮಾರು 2.7 ಟನ್ ತೂಗುವ ಕಾರು. ಎಂಟು ಸಿಲಿಂಡರಿನ 4.4 ಲೀಟರ್ ಪೆಟ್ರೋಲ್ ಎಂಜಿನ್ ಅದರದು. ಯುರೋಪಿನ ಪರೀಕ್ಷಾ ಕ್ರಮದಲ್ಲಿ ಅದಕ್ಕೆ ಆಗ ಸಿಕ್ಕ ಅಧಿಕೃತ ಅಂಕಿ 100 ಕಿ.ಮೀ.ಗೆ ಸುಮಾರು 1.6 ಲೀಟರ್. ಅಂದರೆ ಲೀಟರಿಗೆ 60 ಕಿ.ಮೀ.ಗೂ ಹೆಚ್ಚು, 100 ಸಿಸಿ ಬೈಕಿನ ಮೈಲೇಜು! ಮಾಲೀಕ ತಪ್ಪದೇ ಚಾರ್ಜ್ ಮಾಡುತ್ತಾನೆ, ಹೆಚ್ಚಿನ ದೂರವನ್ನು ಬ್ಯಾಟರಿಯಲ್ಲೇ ಓಡಿಸುತ್ತಾನೆ ಎಂದು ಪರೀಕ್ಷೆ ಮೊದಲೇ ನಂಬಿಬಿಡುವುದರಿಂದ ಇಂಥ ಅಂಕಿ ಹೊರಬೀಳುತ್ತದೆ. ವಾಸ್ತವ ಹಾಗಿಲ್ಲ. ಕಾರುಗಳೊಳಗಿನ ಮಾಪಕಗಳಿಂದಲೇ ಮಾಹಿತಿ ಪಡೆದು ಯುರೋಪಿಯನ್ ಕಮಿಷನ್ 2024ರ ಮಾರ್ಚ್‌ನಲ್ಲಿ ಕೊಟ್ಟ ವರದಿಯ ಪ್ರಕಾರ, ರಸ್ತೆಯ ಮೇಲೆ ಪ್ಲಗ್-ಇನ್ ಹೈಬ್ರಿಡ್‌ಗಳು ಉಗುಳುವ ಇಂಗಾಲದ ಡೈಆಕ್ಸೈಡ್ ಅಧಿಕೃತ ಅಂಕಿಯ ಸರಾಸರಿ ಮೂರೂವರೆ ಪಟ್ಟು. ಸಾಮಾನ್ಯ ಪೆಟ್ರೋಲ್, ಡೀಸೆಲ್ ಕಾರುಗಳಲ್ಲಿ ಈ ಅಂತರ ಶೇ 20ರ ಆಸುಪಾಸು. ಬ್ರಿಟನ್ ಈ ವರ್ಗಕ್ಕೆ ಕೊಡುತ್ತಿದ್ದ ಸಹಾಯಧನವನ್ನು 2018ರಲ್ಲೇ ನಿಲ್ಲಿಸಿತು. ಅಲ್ಲಿ ಕೈಬಿಟ್ಟ ನೀತಿಯನ್ನು ನಾವು ಹೊಸದೆಂದು ತಂದು ನೆಡಬೇಕಾಗಿಲ್ಲ.

ಸ್ಟ್ರಾಂಗ್ ಹೈಬ್ರಿಡ್‌ನ ಮಾತು ಬೇರೆ, ಅದನ್ನು ಒಪ್ಪಿಕೊಳ್ಳಲೇಬೇಕು. ಅದಕ್ಕೆ ಚಾರ್ಜಿಂಗ್ ಬೇಡ. ಬ್ರೇಕ್ ಹಾಕಿದಾಗ ವ್ಯರ್ಥವಾಗುವ ಶಕ್ತಿಯನ್ನು ಹಿಡಿದಿಟ್ಟು ಮತ್ತೆ ಬಳಸುತ್ತದೆ. ಬಿಡದಿಯಲ್ಲಿ ತಯಾರಾಗುವ ಇನ್ನೋವಾ ಹೈಕ್ರಾಸ್‌ನ ಪೆಟ್ರೋಲ್ ಮಾದರಿಗೆ ಕಂಪನಿ ಹೇಳುವ ಮೈಲೇಜು 16.13 ಕಿ.ಮೀ., ಹೈಬ್ರಿಡ್‌ಗೆ 23.24 ಕಿ.ಮೀ. ವರ್ಷಕ್ಕೆ 15,000 ಕಿ.ಮೀ. ಓಡಿಸಿದರೆ ಸುಮಾರು 285 ಲೀಟರ್ ಪೆಟ್ರೋಲ್ ಉಳಿಯುತ್ತದೆ. ಈಗ 30 ಲಕ್ಷ ರೂಪಾಯಿಯ ಕಾರಿಗೆ ಶೇ 10ರ ತೆರಿಗೆ ಬಿಟ್ಟರೆ ಸರ್ಕಾರಕ್ಕೆ ಖೋತಾ 3 ಲಕ್ಷ. ಇನ್ನೊಂದು ಕಡೆ, ಕೇಂದ್ರದ ಪಿಎಂ ಇ-ಡ್ರೈವ್ ಯೋಜನೆಯಲ್ಲಿ ವಿದ್ಯುತ್ ಸ್ಕೂಟರಿನ ಗರಿಷ್ಠ ಸಹಾಯಧನವನ್ನು 2025ರ ಏಪ್ರಿಲ್‌ನಿಂದ 10,000 ರೂಪಾಯಿಯಿಂದ 5,000 ರೂಪಾಯಿಗೆ ಇಳಿಸಲಾಯಿತು. ಲೀಟರಿಗೆ 45 ಕಿ.ಮೀ. ಕೊಡುವ ಸ್ಕೂಟರನ್ನು ದಿನಕ್ಕೆ 25 ಕಿ.ಮೀ. ಓಡಿಸುವವರು ವಿದ್ಯುತ್ತಿಗೆ ಬದಲಾದರೆ ವರ್ಷಕ್ಕೆ ಸುಮಾರು 200 ಲೀಟರ್ ಉಳಿಯುತ್ತದೆ. ಆ 3 ಲಕ್ಷದಲ್ಲಿ ಇಂಥ 60 ಸ್ಕೂಟರುಗಳಿಗೆ ನೆರವಾಗಬಹುದು: ಉಳಿತಾಯ 12,000 ಲೀಟರ್. ಸಹಾಯಧನ ಇಲ್ಲದಿದ್ದರೂ ಕೆಲವರು ಸ್ಕೂಟರ್ ಕೊಳ್ಳುತ್ತಿದ್ದರು ಎನ್ನಬಹುದು. ನಿಜ, ಆದರೆ ಆ ಮಾತು 30 ಲಕ್ಷದ ಕಾರು ಕೊಳ್ಳುವವರಿಗೆ ಇನ್ನೂ ಹೆಚ್ಚು ಅನ್ವಯಿಸುತ್ತದೆ. ತಿಂಗಳ ಕಂತು ಕಟ್ಟಿ ಸ್ಕೂಟರ್ ಕೊಳ್ಳುವ ಮನೆಗೆ 5,000 ರೂಪಾಯಿ ದೊಡ್ಡ ಮೊತ್ತ. ದೇಶದಲ್ಲಿ ಮಾರಾಟವಾಗುವ ಪೆಟ್ರೋಲಿನ ಸುಮಾರು ಶೇ 61ರಷ್ಟು ದ್ವಿಚಕ್ರ ವಾಹನಗಳಿಗೇ ಹೋಗುತ್ತದೆ ಎಂದು ಪೆಟ್ರೋಲಿಯಂ ಸಚಿವಾಲಯದ ಘಟಕಕ್ಕಾಗಿ ನಡೆದ ಸಮೀಕ್ಷೆ 2014ರಲ್ಲೇ ತಿಳಿಸಿತ್ತು.

ನಮ್ಮ ವಿದ್ಯುತ್ತೇ ಕಲ್ಲಿದ್ದಲಿನದು, ಹೊಗೆ ಕೊಳವೆಯಿಂದ ಚಿಮಣಿಗೆ ಸ್ಥಳಾಂತರವಾಗುತ್ತದೆ ಅಷ್ಟೇ ಎಂಬ ಆಕ್ಷೇಪವಿದೆ. ದೇಶದ ವಿದ್ಯುತ್ತಿನಲ್ಲಿ ಸಿಂಹಪಾಲು ಕಲ್ಲಿದ್ದಲಿನದ್ದೇ. ಆದರೂ ಸ್ಕೂಟರಿಗೆ ಬೇಕಾಗುವುದು 100 ಕಿ.ಮೀ.ಗೆ ಸುಮಾರು ಮೂರು ಯೂನಿಟ್. ಪ್ರಸರಣ ನಷ್ಟ ಸೇರಿಸಿ ಲೆಕ್ಕ ಹಾಕಿದರೂ ಇಂಗಾಲದ ಹೊರೆ ಪೆಟ್ರೋಲ್ ಸ್ಕೂಟರಿನ ಸುಮಾರು ಅರ್ಧ. ಶರಾವತಿಯ ಜಲವಿದ್ಯುತ್ತು, ಪಾವಗಡದ 2,050 ಮೆಗಾವ್ಯಾಟ್ ಸೌರ ಪಾರ್ಕ್ ಇರುವ ಕರ್ನಾಟಕದಲ್ಲಿ ಆ ಹೊರೆ ಇನ್ನೂ ಇಳಿಯಬಲ್ಲದು. ಶ್ರೀಮಂತರು ಮೊದಲು ಕೊಂಡರೆ ತಂತ್ರಜ್ಞಾನ ಅಗ್ಗವಾಗಿ ಎಲ್ಲರಿಗೂ ದಕ್ಕುತ್ತದೆ ಎನ್ನುವುದು ಇನ್ನೊಂದು ವಾದ. ಆದರೆ ಟೊಯೊಟಾ ಪ್ರಿಯಸ್ ಜಪಾನಿನ ಮಾರುಕಟ್ಟೆಗೆ ಬಂದದ್ದು 1997ರಲ್ಲಿ. ಕಾಲು ಶತಮಾನ ದಾಟಿದ ತಂತ್ರಜ್ಞಾನವನ್ನು ಇನ್ನೂ ಕೂಸೆಂದು ತೊಟ್ಟಿಲಲ್ಲಿಟ್ಟು ತೂಗಬೇಕಾಗಿಲ್ಲ. ಬಿಡದಿಯ ಕಾರ್ಮಿಕರ ಉದ್ಯೋಗದ ಪ್ರಶ್ನೆ ಗಂಭೀರವಾದದ್ದು. ಅವರಿಗೆ ನೆರವಾಗಬೇಕಾದರೆ ಬ್ಯಾಟರಿ, ಮೋಟಾರು ಇಲ್ಲೇ ತಯಾರಾಗುವಂತೆ ಉತ್ಪಾದನೆಗೆ ಪ್ರೋತ್ಸಾಹ ಕೊಡಲಿ. ಕೊಳ್ಳುವವರ ತೆರಿಗೆ ಮನ್ನಾ ಮಾಡುವುದು ಅದಕ್ಕೆ ದಾರಿಯಲ್ಲ.

2017ರಲ್ಲೇ ವಿದ್ಯುತ್ ವಾಹನ ನೀತಿ ರೂಪಿಸಿದ ಕರ್ನಾಟಕ, 2024ರಲ್ಲಿ 25 ಲಕ್ಷ ರೂಪಾಯಿ ಮೀರಿದ ವಿದ್ಯುತ್ ಕಾರುಗಳಿಗೆ ಶೇ 10ರಷ್ಟು ಜೀವಾವಧಿ ತೆರಿಗೆ ಹಾಕಿತು. ಆಗ ಟೀಕೆ ಬಂದರೂ ಅದರ ಹಿಂದಿನ ತತ್ವ ಸರಿಯಾಗಿಯೇ ಇತ್ತು: ಕೊಳ್ಳುವ ಶಕ್ತಿ ಇರುವವರಿಗೆ ಖಜಾನೆಯ ಊರುಗೋಲು ಬೇಡ. ಪೂರ್ತಿ ವಿದ್ಯುತ್ತಿನಲ್ಲಿ ಓಡುವ ದುಬಾರಿ ಕಾರಿಗೇ ಇಲ್ಲದ ವಿನಾಯಿತಿಯನ್ನು ಪೆಟ್ರೋಲ್ ಸುಡುವ ದುಬಾರಿ ಹೈಬ್ರಿಡ್ ಕೇಳುವುದು ನ್ಯಾಯವಲ್ಲ. ತೆರಿಗೆಯನ್ನು ಕಾರಿನ ಹಣೆಪಟ್ಟಿ ನೋಡಿ ನಿರ್ಧರಿಸುವುದನ್ನು ಬಿಟ್ಟು, ರಸ್ತೆಯ ಮೇಲೆ ಅದು ನಿಜಕ್ಕೂ ಕುಡಿಯುವ ಇಂಧನ ಮತ್ತು ಅದರ ಬೆಲೆ ನೋಡಿ ನಿರ್ಧರಿಸಬೇಕು. ರಿಯಾಯಿತಿಯ ಹಣ ಬಸ್ಸು, ಆಟೊ, ಸ್ಕೂಟರುಗಳಿಗೆ ಹೋಗಬೇಕು. ವಿನಾಯಿತಿಗಾಗಿ ಉದ್ಯಮದ ಮನವಿಗಳು ವಿಧಾನಸೌಧದ ಬಾಗಿಲಿಗೆ ಬಂದಾಗಲೆಲ್ಲ ಸರ್ಕಾರ ಈ ಲೆಕ್ಕವನ್ನು ಮುಂದಿಟ್ಟು ಇಲ್ಲ ಎನ್ನಬೇಕು.