ಮಾಸ್ಕ್ ಹೋದರೆ ಹೋಗಲಿ, ಎಣಿಕೆ ಇರಲಿ

2022ರ ಡಿಸೆಂಬರ್ 26ರಂದು ರಾಜ್ಯ ಸರ್ಕಾರ ಮತ್ತೆ ಮಾಸ್ಕ್ ಮಾತೆತ್ತಿತು. ಸಿನಿಮಾ ಥಿಯೇಟರಿನಲ್ಲಿ ಕಡ್ಡಾಯ, ಶಾಲೆ ಕಾಲೇಜಿನಲ್ಲಿ ಕಡ್ಡಾಯ, ಹೊಸ ವರ್ಷಾಚರಣೆಗೆಂದು ಪಬ್ಬು, ಬಾರಿಗೆ ಹೋಗುವವರಿಗೂ ಕಡ್ಡಾಯ. ಚೀನಾದಲ್ಲಿ ಕೋವಿಡ್ ಸೋಂಕು ಏರಿದ ಸುದ್ದಿ ಬಂದ ಮೇಲೆ ಮಾಡಿದ ಏರ್ಪಾಡು ಇದು. ನಮ್ಮ ಎನ್. ಬೇಗೂರಿನಲ್ಲಿ ಥಿಯೇಟರೂ ಇಲ್ಲ, ಪಬ್ಬೂ ಇಲ್ಲ. ಇರುವುದು ಬಂಡೀಪುರದ ಕಾಡು, ಕಬಿನಿ ಹಿನ್ನೀರು. ಹೊಸ ವರ್ಷದ ವಾರ ಆ ಹಿನ್ನೀರಿನ ಸುತ್ತ ಕಾರುಗಳೋ ಕಾರುಗಳು. ಇಳಿದವರಲ್ಲಿ ಮಾಸ್ಕ್ ಹಾಕಿದ್ದವರು ಅಪರೂಪ. ಅದಕ್ಕೆ ನನ್ನ ತಕರಾರಿಲ್ಲ. ಆದರೆ ಮಾಸ್ಕಿನ ಜೊತೆಗೆ ಇನ್ನೊಂದನ್ನೂ ಗಂಟು ಕಟ್ಟಿ ಅಟ್ಟಕ್ಕೆ ಎಸೆದುಬಿಟ್ಟಿದ್ದೇವೆ. ಅದು ಜನರ ಎಣಿಕೆ. ತಕರಾರು ಇರುವುದು ಅಲ್ಲಿ.

ನಾನು ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದು ನಿವೃತ್ತನಾದವನು. ಸೋಂಕಿನ ವಿಚಾರ ಡಾಕ್ಟರುಗಳು ಹೇಳಬೇಕು, ನಾನಲ್ಲ. ಜನ ಹೇಗೆ ತುಂಬುತ್ತಾರೆ, ಎಲ್ಲಿ ಕಟ್ಟಿಕೊಳ್ಳುತ್ತಾರೆ ಎಂಬುದನ್ನು ಮಾತ್ರ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬಸ್ಸು ತುಂಬಿತು ಅಂತ ಕಾಣಿಸುವುದು ಬಾಗಿಲ ಹತ್ತಿರ. ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಹಿಂದೆ ನೋಡಿದರೆ ನಾಲ್ಕೈದು ಜನ ಆರಾಮಾಗಿ ನಿಲ್ಲಬಹುದು. "ಒಳಕ್ಕೋಗಿ ಸ್ವಾಮಿ, ಒಳಗೆ ಜಾಗ ಅದೆ" ಎಂದು ಗಂಟಲು ಹರಿದುಕೊಳ್ಳುವುದೇ ನಮ್ಮ ಅರ್ಧ ಕೆಲಸ. ಇನ್ನರ್ಧ, ತಲೆ ಎಣಿಸುವುದು. ಚೆಕಿಂಗಿನವರು ದಾರಿಯಲ್ಲಿ ಕೈ ಅಡ್ಡ ಹಾಕಿ ಹತ್ತಿದರೆ ತಲೆಗೂ ಟಿಕೆಟ್ಟಿಗೂ ತಾಳೆಯಾಗಬೇಕು. ಆಗದಿದ್ದರೆ ಬರೆದುಕೊಂಡು ಹೋಗುತ್ತಾರೆ.

ಲಾಕ್‌ಡೌನ್ ಸಡಿಲವಾಗಿ 2020ರ ಮೇ 19ರಂದು ಬಸ್ಸುಗಳು ಮತ್ತೆ ರಸ್ತೆಗಿಳಿದಾಗ ಒಂದು ಬಸ್ಸಿಗೆ 30 ಜನ ಎಂದು ಸರ್ಕಾರ ಗೆರೆ ಎಳೆಯಿತು. ಐವತ್ತು ಚಿಲ್ಲರೆ ಸೀಟಿನ ಬಸ್ಸಿನಲ್ಲಿ ಮೂವತ್ತು ಜನ! ಮೂವತ್ತೊಂದನೆಯವನಿಗೆ "ಇಲ್ಲ ಕನಪ್ಪ, ಮುಂದಿನ ಬಸ್ಸಿಗೆ ಬಾ" ಎನ್ನುವ ಅಧಿಕಾರ ನನ್ನ ಕೈಗೆ ಬಂದದ್ದು ಆಗಲೇ. ಮಾಸ್ಕಿನದೇ ದೊಡ್ಡ ಫಜೀತಿ. ಒಬ್ಬ ಅಜ್ಜಿ ಸೆರಗಿನ ತುದಿಯನ್ನು ಮೂಗಿಗೆ ಒತ್ತಿ ಹಿಡಿದು ಹತ್ತಿದಳು. ಮಾಸ್ಕ್ ಎಲ್ಲಿ ಎಂದು ಕೇಳಿದೆ. "ಸೆರಗ ಮುಚ್ಕಂಡಿವ್ನಿ, ಇನ್ನೇನ್ ಮುಚ್ಲಿ ಹೇಳು" ಅಂದಳು. ಬಸ್ಸಿಗೆ ಬಸ್ಸೇ ನಕ್ಕಿತು. ಟಿಕೆಟ್ ಹರಿದು ಕೊಟ್ಟೆ. ಆ ಅಜ್ಜಿಯ ಪಕ್ಕದ ಸೀಟು ಖಾಲಿ ಇತ್ತು, ಕಿಟಕಿ ತೆರೆದಿತ್ತು. ಅವಳನ್ನು ಕಾಪಾಡುತ್ತಿದ್ದುದರಲ್ಲಿ ಸೆರಗಿಗಿಂತ ಆ ಖಾಲಿ ಸೀಟಿನ ಪಾಲೇ ಹೆಚ್ಚು ಎಂದು ನನಗೆ ಈಗಲೂ ಅನ್ನಿಸುತ್ತದೆ.

ಆಮೇಲಿನ ಕಥೆ ಎಲ್ಲರಿಗೂ ಗೊತ್ತು. ಸೀಟಿನ ಲೆಕ್ಕ ಬೇಗ ಮರೆಯಾಯಿತು, ಮಾಸ್ಕಿನ ದಂಡ ಉಳಿಯಿತು. 2020ರ ಅಕ್ಟೋಬರಿನಲ್ಲಿ ನಗರಗಳಲ್ಲಿ ಸಾವಿರ, ಉಳಿದೆಡೆ ಐನೂರು ಎಂದರು. ಜನ ಗಲಾಟೆ ಮಾಡಿದ ಮೇಲೆ ಅದನ್ನು 250 ಮತ್ತು 100 ರೂಪಾಯಿಗೆ ಇಳಿಸಿದರು. 2022ರ ಮಾರ್ಚ್ 31ಕ್ಕೆ ವಿಪತ್ತು ನಿರ್ವಹಣಾ ಕಾಯ್ದೆಯಡಿಯ ನಿರ್ಬಂಧಗಳನ್ನು ಕೇಂದ್ರ ಸರ್ಕಾರ ಕೈಬಿಟ್ಟಿತು. ಏಪ್ರಿಲ್ ಮುಗಿಯುವ ಮುಂಚೆ ನಮ್ಮ ರಾಜ್ಯ ಮತ್ತೆ ಮಾಸ್ಕ್ ಕಡ್ಡಾಯ ಎಂದಿತು, ಆದರೆ ದಂಡ ಇಲ್ಲ ಎಂದಿತು. ಡಿಸೆಂಬರಿನಲ್ಲಿ ಥಿಯೇಟರು, ಶಾಲೆ ಕಾಲೇಜು, ಪಬ್ಬು, ಬಾರಿಗೆ ಎಂದಿತು. ಹೀಗೆ ಬಂದು ಹೋಗುವ ನಿಯಮಕ್ಕೆ ಜನ ಬೆಲೆ ಕೊಡುವುದನ್ನು ಬಿಟ್ಟರೆ ಅವರನ್ನು ಬೈದು ಫಲವಿಲ್ಲ. ಊರಿಗೊಂದು ದಂಡ, ಪಟ್ಟಣಕ್ಕೊಂದು ದಂಡ ಹಾಕಿದ ನಿಯಮ ನಗರ ಪಾಲಿಕೆಯ ಗಡಿ ನೋಡಿತೇ ಹೊರತು ಗಾಳಿ ಆಡುತ್ತದೆಯೋ ಇಲ್ಲವೋ ಎಂದು ನೋಡಲಿಲ್ಲ.

ಮಾಸ್ಕ್ ಎಲ್ಲಿ ಬೇಕು ಎಂಬುದಕ್ಕೆ ನನ್ನದು ಸರಳ ಲೆಕ್ಕ. ಗಾಳಿ ನಿಂತು, ಜನವೂ ನಿಂತಿರುವ ಕಡೆ ಹಾಕಿ. ಗಾಳಿ ಆಡುವ ಕಡೆ ನಿಮ್ಮಿಷ್ಟ. 2022ರ ದಸರೆಗೆ ಮನೆಯವಳನ್ನೂ ಮೊಮ್ಮಗನನ್ನೂ ಕರೆದುಕೊಂಡು ಮೈಸೂರಿಗೆ ಹೋಗಿದ್ದೆ. ಅರಮನೆಯಲ್ಲಿ ಚಪ್ಪಲಿ ಬಿಟ್ಟು ಸಾಲಿನಲ್ಲಿ ಸಾಗಿ ಕಲ್ಯಾಣ ಮಂಟಪಕ್ಕೆ ಬಂದೆವು. ಎಂಟು ಮೂಲೆಯ ಹಜಾರ, ಮೇಲೆ ಬಣ್ಣದ ಗಾಜಿನಲ್ಲಿ ನವಿಲುಗಳು. ಬಂದವರೆಲ್ಲ ಅಲ್ಲೇ ನಿಂತು ತಲೆ ಎತ್ತುತ್ತಾರೆ, ಮೊಬೈಲ್ ಎತ್ತುತ್ತಾರೆ. ಹಿಂದಿನವರು ತಳ್ಳುತ್ತಲೇ ಇರುತ್ತಾರೆ. ಮೊಮ್ಮಗನಿಗೆ ನವಿಲು ಕಾಣಲಿಲ್ಲ, ಯಾರದೋ ಬೆನ್ನು ಕಂಡಿತು. ಅವನನ್ನು ಹೆಗಲಿಗೇರಿಸಿಕೊಂಡು ಜೇಬಿನಲ್ಲಿದ್ದ ಮಾಸ್ಕ್ ತೆಗೆದು ಹಾಕಿಕೊಂಡೆ. ನನ್ನ ಕುತ್ತಿಗೆಯ ಮೇಲೆ ಇನ್ನೊಬ್ಬರ ಉಸಿರು ಬಿಸಿಯಾಗಿ ತಾಗುತ್ತಿತ್ತು. ಅದೇ ಮಹಡಿ ಹತ್ತಿ ದರ್ಬಾರ್ ಹಾಲಿಗೆ ಬಂದರೆ ಎದುರಿಗೆ ಪೂರ್ತಿ ಬಯಲು, ಕಂಬಗಳ ನಡುವೆ ಗಾಳಿ ಧಾರಾಳ. ಮಾಸ್ಕ್ ತೆಗೆದು ಜೇಬಿಗಿಟ್ಟೆ. ಎಚ್.ಡಿ. ಕೋಟೆಗೆ ವಾಪಸು ಬರುವ ಬಸ್ಸಿನಲ್ಲಿ ಮಳೆ ಹಿಡಿಯಿತು, ಎಲ್ಲ ಕಿಟಕಿ ಮುಚ್ಚಿದರು, ನಿಲ್ಲಲೂ ಜಾಗವಿಲ್ಲ. ಮತ್ತೆ ಹಾಕಿಕೊಂಡೆ. "ಇನ್ನೂ ಭಯ ಹೋಗಿಲ್ವಾ ಯಜಮಾನ್ರೆ" ಎಂದು ಒಬ್ಬ ಹುಡುಗ ಕಿಚಾಯಿಸಿದ. ಕಿಚಾಯಿಸುವುದನ್ನು ಮೊದಲು ಬಿಡಬೇಕು. ಹಾಕದವನನ್ನು ಗದರಿಸುವ ಕಾಲ ಹೋಯಿತು, ಸರಿ. ಹಾಕಿಕೊಂಡವನನ್ನು ಗೇಲಿ ಮಾಡುವ ಕಾಲ ಬಂದಿಲ್ಲ.

ಕೆಮ್ಮು ನೆಗಡಿ ಇದ್ದವರಂತೂ ಯಾವ ಆದೇಶಕ್ಕೂ ಕಾಯದೆ ಹಾಕಿಕೊಳ್ಳಬೇಕು. ನಮ್ಮ ಕಡೆಗೆ ಇದು ಇನ್ನೂ ಹೆಚ್ಚು ಹೊಂದುತ್ತದೆ. ರೆಸಾರ್ಟಿನಲ್ಲಿ ಹಾಸಿಗೆ ಹಾಸುವ, ತಟ್ಟೆ ತೊಳೆಯುವ ಹುಡುಗರಲ್ಲಿ ಎಷ್ಟೋ ಜನ ಸಂಜೆ ಆದಿವಾಸಿ ಹಾಡಿಗೆ ಹಿಂತಿರುಗುತ್ತಾರೆ. ಒಂದೇ ಕೋಣೆಯ ಮನೆಯಲ್ಲಿ ಅವರ ಅಜ್ಜ ಅಜ್ಜಿ ಮಲಗಿರುತ್ತಾರೆ. ಕಾಡಿನ ಪಕ್ಕದವರು ಮೃಗಗಳನ್ನೂ ನೆನೆಯಬೇಕು, ಅವಕ್ಕೂ ಈ ಸೋಂಕು ತಟ್ಟದೆ ಇಲ್ಲ. 2021ರ ಮೇ ತಿಂಗಳಲ್ಲಿ ಹೈದರಾಬಾದಿನ ಮೃಗಾಲಯದಲ್ಲಿ ಎಂಟು ಸಿಂಹಗಳಿಗೆ ಕೋವಿಡ್ ಬಂತು. ಮರು ತಿಂಗಳು ನಮ್ಮ ಕಾಡಿಗೆ ತಾಗಿಕೊಂಡೇ ಇರುವ ಮುದುಮಲೆಯ ತೆಪ್ಪಕಾಡು ಶಿಬಿರದಲ್ಲಿ ಆನೆಗಳ ಸೊಂಡಿಲಿನಿಂದ ಮಾದರಿ ತೆಗೆದು ಪರೀಕ್ಷೆಗೆ ಕಳಿಸಿದರು. ಆನೆಗಳಿಗೆ ಏನೂ ಆಗಿರಲಿಲ್ಲ, ಪುಣ್ಯ.

ಇಷ್ಟು ಮಾಸ್ಕಿನ ಮಾತು. ಅದನ್ನು ಜನರ ವಿವೇಕಕ್ಕೆ ಬಿಡಬಹುದು. ಎಣಿಕೆಯನ್ನು ಜನರ ವಿವೇಕಕ್ಕೆ ಬಿಡಲಾಗದು, ಏಕೆಂದರೆ ಗುಂಪಿನೊಳಗೆ ನಿಂತವನಿಗೆ ಗುಂಪು ಎಷ್ಟಿದೆ ಎಂದು ಕಾಣುವುದಿಲ್ಲ. ಬಾಗಿಲಲ್ಲಿ ನಿಂತವನಿಗೆ ಮಾತ್ರ ಕಾಣುತ್ತದೆ.

2020ರ ದಸರೆಯಲ್ಲಿ ಜಂಬೂ ಸವಾರಿ ಅರಮನೆ ಅಂಗಳ ದಾಟಲಿಲ್ಲ. ನೋಡಲು 300 ಜನಕ್ಕೆ ಮಾತ್ರ ಅವಕಾಶ. ನಮ್ಮ ಕಡೆಯ ಬಳ್ಳೆ ಶಿಬಿರದ ಅರ್ಜುನನಿಂದ ಅಂಬಾರಿಯ ಹೊಣೆ ಮತ್ತಿಗೋಡಿನ ಅಭಿಮನ್ಯುವಿಗೆ ದಾಟಿದ ಮೊದಲ ವರ್ಷ ಅದು. ನಾವು ಟಿ.ವಿ.ಯಲ್ಲಿ ನೋಡಿದೆವು. ಎರಡು ವರ್ಷ ಕಳೆದು 2022ರ ಸೆಪ್ಟೆಂಬರ್ 26ರಂದು ರಾಷ್ಟ್ರಪತಿ ದ್ರೌಪದಿ ಮುರ್ಮು ಚಾಮುಂಡಿ ಬೆಟ್ಟದಲ್ಲಿ ದಸರೆ ಉದ್ಘಾಟಿಸಿದಾಗ ಎಲ್ಲರಿಗೂ ಎದೆ ತುಂಬಿ ಬಂತು. ಅಕ್ಟೋಬರ್ 5ರ ಸವಾರಿಗೆ ಬನ್ನಿಮಂಟಪದವರೆಗೂ ಜನಸಾಗರ. ಎರಡು ವರ್ಷದಲ್ಲಿ ಮುನ್ನೂರರಿಂದ ಲೆಕ್ಕವೇ ಇಲ್ಲದಷ್ಟಕ್ಕೆ ಜಿಗಿತ. ನಡುವೆ ಯಾವ ಅಂಕಿಯೂ ಇರಬಾರದೇ?

ಅದೇ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾ ಹೊರಾಂಗಣದ ಮಾಸ್ಕ್ ನಿಯಮವನ್ನು ಪೂರ್ತಿ ತೆಗೆದುಹಾಕಿತು. ತಿಂಗಳು ಕಳೆದು ಅಕ್ಟೋಬರ್ 29ರ ರಾತ್ರಿ ಸೋಲ್ ನಗರದ ಇಟೇವಾನ್ ಎಂಬಲ್ಲಿ ಹಬ್ಬಕ್ಕೆಂದು ನೆರೆದ ಹುಡುಗ ಹುಡುಗಿಯರು ಹತ್ತು ಅಡಿ ಅಗಲದ ಇಳಿಜಾರು ಗಲ್ಲಿಯಲ್ಲಿ ಎರಡೂ ಕಡೆಯಿಂದ ನುಗ್ಗಿ ಸಿಕ್ಕಿಕೊಂಡರು. ನೂರೈವತ್ತಕ್ಕೂ ಹೆಚ್ಚು ಜನ ನಿಂತಲ್ಲೇ ಉಸಿರುಗಟ್ಟಿ ಸತ್ತರು. ಮೂರೂವರೆ ಗಂಟೆ ಮೊದಲಿನಿಂದಲೇ ಪೊಲೀಸರಿಗೆ ಫೋನ್ ಬರುತ್ತಿತ್ತಂತೆ. ಮಾರನೆ ದಿನ, ಅಕ್ಟೋಬರ್ 30ರಂದು, ಗುಜರಾತಿನ ಮೊರ್ಬಿಯಲ್ಲಿ ದುರಸ್ತಿಯಾಗಿ ನಾಲ್ಕೇ ದಿನದ ಹಿಂದೆ ತೆರೆದಿದ್ದ ತೂಗುಸೇತುವೆ ಕಿತ್ತು ನದಿಗೆ ಬಿತ್ತು. 135 ಜನ ಹೋದರು. ದೀಪಾವಳಿ ರಜೆಗೆ ಬಂದವರು, ಟಿಕೆಟ್ ತೆಗೆದುಕೊಂಡು ಹತ್ತಿದವರು. ಇದನ್ನು ಓದಿದಾಗ ನನ್ನೊಳಗಿನ ಕಂಡಕ್ಟರಿಗೆ ಕೈ ನಡುಗಿತು. ಟಿಕೆಟ್ ಕೊಡುವುದೆಂದರೆ ದುಡ್ಡು ಇಸಕೊಳ್ಳುವುದು ಮಾತ್ರವಲ್ಲ, ಇನ್ನು ಸಾಕು ಎನ್ನುವ ಹೊಣೆಯೂ ಅದರಲ್ಲೇ ಇದೆ. ಆ ಗಲ್ಲಿಯಲ್ಲಾಗಲಿ, ಆ ಸೇತುವೆ ಮೇಲಾಗಲಿ ಮಾಸ್ಕ್ ಯಾರನ್ನೂ ಉಳಿಸುತ್ತಿರಲಿಲ್ಲ. ಎಣಿಕೆ ಉಳಿಸುತ್ತಿತ್ತು.

ಎಣಿಸುವುದು ನಮಗೆ ಬಾರದ ವಿದ್ಯೆಯೇನಲ್ಲ. ಕಬಿನಿಯ ಕಾಡಿಗೆ ಸಫಾರಿ ಹೋಗುವ ಗಾಡಿಗಳಿಗೆ ಲೆಕ್ಕವಿದೆ, ಸೀಟಿಗೆ ಲೆಕ್ಕವಿದೆ, ಒಳಗೆ ಹೋಗುವ ಹೊತ್ತಿಗೂ ಹೊರಗೆ ಬರುವ ಹೊತ್ತಿಗೂ ಲೆಕ್ಕವಿದೆ. ಯಾರೂ ನಿಂತುಕೊಂಡು ಹೋಗುವುದಿಲ್ಲ. ಹಿಮವದ್ ಗೋಪಾಲಸ್ವಾಮಿ ಬೆಟ್ಟದಲ್ಲಿ ಖಾಸಗಿ ಗಾಡಿಗಳನ್ನು ತಪ್ಪಲಲ್ಲೇ ನಿಲ್ಲಿಸಿ ಸರ್ಕಾರಿ ಬಸ್ಸಿನಲ್ಲಿ ಮೇಲೆ ಕರೆದೊಯ್ಯುತ್ತಾರೆ. ಬಸ್ಸು ಎಷ್ಟು ಏರಿತೋ ಜನ ಅಷ್ಟೇ. ಆಷಾಢ ಶುಕ್ರವಾರಗಳಲ್ಲಿ ಚಾಮುಂಡಿ ಬೆಟ್ಟಕ್ಕೂ ಹೀಗೇ ಬಸ್ಸು ಬಿಡುತ್ತಾರೆ. ಕಾಡಿನಲ್ಲಿ ಹುಲಿಗೆ ತೊಂದರೆಯಾಗಬಾರದೆಂದು ಎಣಿಸುವ ನಾವು, ಜಾತ್ರೆಯಲ್ಲಿ ಮನುಷ್ಯನಿಗೆ ತೊಂದರೆಯಾಗಬಾರದೆಂದು ಏಕೆ ಎಣಿಸಬಾರದು?

ಇದಕ್ಕೆ ಬರುವ ಆಕ್ಷೇಪಣೆಗಳು ನನಗೆ ಗೊತ್ತು. ಮೊದಲನೆಯದು ವ್ಯಾಪಾರದ್ದು. ಕೋವಿಡ್ ಕಾಲದಲ್ಲಿ ಎರಡು ವರ್ಷ ಜಾತ್ರೆ ಇಲ್ಲದೆ ಬತ್ತಾಸು, ಕಡ್ಲೆಪುರಿ, ಬಳೆ, ಪೀಪಿ ಮಾರುವವರು ಸಾಲಕ್ಕೆ ಬಿದ್ದರು. ಮತ್ತೆ ಜನರನ್ನು ತಡೆದರೆ ಅವರ ಗತಿಯೇನು ಎಂಬುದು ನ್ಯಾಯವಾದ ಪ್ರಶ್ನೆ. ನಾನು ತಡೆಯಿರಿ ಎನ್ನುತ್ತಿಲ್ಲ, ಹಂಚಿ ಎನ್ನುತ್ತಿದ್ದೇನೆ. ಬೆಳಿಗ್ಗೆ ಹತ್ತಕ್ಕೆ ಒಟ್ಟಿಗೆ ನುಗ್ಗುವ ಜನ ಇಡೀ ದಿನಕ್ಕೆ ಹಂಚಿಹೋದರೆ ಅಂಗಡಿ ಮುಂದೆ ನಿಂತು ಬಳೆ ಆರಿಸಲು ಹೆಂಗಸರಿಗೆ ಪುರಸೊತ್ತು ಸಿಗುತ್ತದೆ. ತಳ್ಳಾಟದಲ್ಲಿ ಯಾರೂ ಬಳೆ ಕೊಳ್ಳುವುದಿಲ್ಲ.

ಎರಡನೆಯದು ಮೊಬೈಲಿನದು. ಎಣಿಕೆ ಎಂದ ಕೂಡಲೇ ಅಧಿಕಾರಿಗಳು ಆನ್‌ಲೈನ್ ಬುಕಿಂಗ್ ಎನ್ನುತ್ತಾರೆ. ಲಸಿಕೆಗೂ ಹಾಗೇ ಶುರು ಮಾಡಿದ್ದರು. ನೆಟ್‌ವರ್ಕ್ ಹುಡುಕಿಕೊಂಡು ದಿಬ್ಬ ಹತ್ತಬೇಕಾದ ನಮ್ಮಂಥ ಊರುಗಳವರು ಪಟ್ಟ ಪಾಡು ನಮಗೇ ಗೊತ್ತು. ಬುಕಿಂಗ್ ಬೇಡ. ಬಾಗಿಲಲ್ಲಿ ಹೊತ್ತು ಬರೆದ ಟೋಕನ್ ಕೊಟ್ಟರೆ ಸಾಕು. ನ್ಯಾಯಬೆಲೆ ಅಂಗಡಿಯ ಟೋಕನ್ ಹಿಡಿದು ಅಭ್ಯಾಸವಾದ ಜನಕ್ಕೆ ಅದನ್ನು ವಿವರಿಸಬೇಕಾಗಿಲ್ಲ. ಹನ್ನೊಂದಕ್ಕೆ ನಿಮ್ಮ ಸರದಿ ಎಂದರೆ ಅಲ್ಲಿಯವರೆಗೆ ಮರದಡಿ ಬುತ್ತಿ ಬಿಚ್ಚಿಕೊಂಡು ಕೂರುತ್ತಾರೆ.

ಮೂರನೆಯದು, "ದೇವರ ದರ್ಶನಕ್ಕೆ ಲೆಕ್ಕ ಹಾಕುವುದೇ?" ಎಂಬುದು. ಹೆಚ್ಚು ದುಡ್ಡು ಕೊಟ್ಟವರಿಗೆ ವಿಶೇಷ ದರ್ಶನದ ಸಾಲು ಮಾಡಿದಾಗಲೇ ಲೆಕ್ಕ ಹಾಕಿಯಾಗಿದೆ. ಆ ಲೆಕ್ಕವನ್ನು ಧರ್ಮದರ್ಶನದ ಸಾಲಿನವರ ಕ್ಷೇಮಕ್ಕೂ ಹಾಕಿ ಎಂದಷ್ಟೇ ನಾನು ಕೇಳುತ್ತಿರುವುದು.

ಜಾತ್ರೆಗಳು ವರ್ಷ ವರ್ಷವೂ ಬರುತ್ತವೆ. ಚಳಿಗಾಲಕ್ಕೆ ಸುತ್ತೂರು, ಶಿವರಾತ್ರಿಗೆ ಮಾದಪ್ಪನ ಬೆಟ್ಟ, ಬೇಸಿಗೆಗೆ ನಂಜನಗೂಡಿನ ದೊಡ್ಡ ಜಾತ್ರೆ. ಐದು ರಥಗಳನ್ನು ಎಳೆಯುವ ಆ ಬೀದಿಯಲ್ಲಿ ಜನ ಹೇಗೆ ಒತ್ತುತ್ತಾರೆ ಎಂದು ಜಾತ್ರೆ ಸ್ಪೆಷಲ್ ಬಸ್ಸಿನಲ್ಲಿ ಕೆಲಸ ಮಾಡಿದ ಎಲ್ಲರಿಗೂ ಗೊತ್ತು. ಮೈಸೂರು ಮತ್ತು ಚಾಮರಾಜನಗರ ಜಿಲ್ಲಾಡಳಿತಗಳು ಈಗಲೇ ನಾಲ್ಕು ಕೆಲಸ ಮಾಡಬಹುದು. ಪ್ರತಿ ಆವರಣ ಎಷ್ಟು ಜನರನ್ನು ಹಿಡಿಯುತ್ತದೆ ಎಂದು ಅಳೆದು ಆ ಅಂಕಿಯನ್ನು ದ್ವಾರದಲ್ಲೇ ದೊಡ್ಡದಾಗಿ ಬರೆಸಬೇಕು. ಒಳಗೆ ಹೋಗುವ ದಾರಿ ಮತ್ತು ಹೊರಗೆ ಬರುವ ದಾರಿ ಎಂದೂ ಒಂದೇ ಆಗಬಾರದು. ಜನ ನಿಂತುಬಿಡುವ ಜಾಗಗಳಲ್ಲಿ, ಕಲ್ಯಾಣ ಮಂಟಪದಂಥ ಕಡೆ, "ಮುಂದೆ ನಡೆಯಿರಿ" ಎಂದು ಕೂಗಲು ಒಬ್ಬ ಮನುಷ್ಯನನ್ನು ಸಂಬಳ ಕೊಟ್ಟು ನಿಲ್ಲಿಸಬೇಕು. ಅಂಕಿ ಮುಟ್ಟಿದಾಗ ದ್ವಾರ ಮುಚ್ಚುವ ಅಧಿಕಾರ ಅಲ್ಲಿ ನಿಂತ ಕಾವಲುಗಾರನ ಕೈಯಲ್ಲೇ ಇರಬೇಕು. ಯಾರ ಶಿಫಾರಸಿನ ಫೋನ್ ಬಂದರೂ ಅದು ತೆರೆಯಬಾರದು.

ಕೊನೆಯದೇ ಎಲ್ಲಕ್ಕಿಂತ ಕಷ್ಟ ಎಂದು ನನಗೆ ಗೊತ್ತು. ಮೂವತ್ತೊಂದನೆಯವನನ್ನು ಇಳಿಸಿದಾಗ ಬೈಗುಳ ಕೇಳಿದವನು ನಾನು. ಆದರೂ ಬೆನ್ನ ಹಿಂದೆ ಆದೇಶವಿತ್ತು, ಆದ್ದರಿಂದ ಇಳಿಸಿದೆ. ಆ ಕಾವಲುಗಾರನಿಗೂ ಅಂಥದೊಂದು ಆದೇಶ ಬರೆದುಕೊಡಿ, ಬಾಯಿ ಮಾತು ಸಾಲದು. ಮಾಸ್ಕಿನ ಮೇಲೆ ಅಷ್ಟೊಂದು ಆದೇಶ ಹೊರಡಿಸಿದ ಸರ್ಕಾರಕ್ಕೆ ಇದೊಂದು ಹಾಳೆ ಹೆಚ್ಚಲ್ಲ.