ಫೆವಿಕ್ವಿಕ್ ಹಚ್ಚಿದ ನರ್ಸ್ ಸಸ್ಪೆಂಡ್ ಆದರು, ಆಮೇಲೆ?

2025ರ ಜನವರಿ 14. ಹಾವೇರಿ ಜಿಲ್ಲೆ ಹಾನಗಲ್ ತಾಲ್ಲೂಕಿನ ಆಡೂರು ಪ್ರಾಥಮಿಕ ಆರೋಗ್ಯ ಕೇಂದ್ರ. ಕೆನ್ನೆಗೆ ಆಳವಾದ ಗಾಯವಾಗಿದ್ದ 7 ವರ್ಷದ ಹುಡುಗನನ್ನು ಅಪ್ಪ ಅಮ್ಮ ಕರೆದುಕೊಂಡು ಬಂದರು. ಅಲ್ಲಿದ್ದ ನರ್ಸ್ ಹೊಲಿಗೆ ಹಾಕಲಿಲ್ಲ, ಫೆವಿಕ್ವಿಕ್ ಹಚ್ಚಿ ಗಾಯ ಮುಚ್ಚಿದರು. ಹೊಲಿಗೆ ಹಾಕಿದರೆ ಮುಖದಲ್ಲಿ ಕಲೆ ಉಳಿಯುತ್ತದೆ ಎಂದು ಕಾರಣ ಕೊಟ್ಟರು. ಹೆತ್ತವರು ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡು ದೂರು ಕೊಟ್ಟರು. ಇಲಾಖೆ ಮೊದಲು ಆಕೆಯನ್ನು ಬೇರೆ ಊರಿಗೆ ಕಳಿಸಿತು. ಜನ ಬೈದ ಮೇಲೆ ಫೆಬ್ರವರಿಯಲ್ಲಿ ಸಸ್ಪೆಂಡ್ ಮಾಡಿತು. ಪುಣ್ಯಕ್ಕೆ ಮಗುವಿಗೆ ಏನೂ ಆಗಲಿಲ್ಲ.

ಆ ವಿಡಿಯೊ ನಮ್ಮ ಕೆರಗೋಡಿನ ವಾಟ್ಸಾಪ್ ಗುಂಪುಗಳಿಗೂ ಬಂತು. ನಕ್ಕೆವು, ಬೈದೆವು, ಮುಂದಕ್ಕೆ ಕಳಿಸಿದೆವು. ಸಸ್ಪೆಂಡ್ ಆಯ್ತಂತೆ ಎಂದು ಗೊತ್ತಾದ ಮೇಲೆ ಮರೆತೆವು. ನನ್ನ ತಕರಾರು ಇರುವುದೇ ಈ ಮರೆವಿನ ಮೇಲೆ.

ನರ್ಸ್ ಮಾಡಿದ್ದು ತಪ್ಪು. ಗಾಯ ಅಂಟಿಸುವುದಕ್ಕೆಂದೇ ತಯಾರಾದ ವೈದ್ಯಕೀಯ ಅಂಟು ಇದೆ. ಅದು ಬೇರೆ, ಚಪ್ಪಲಿ ಅಂಟಿಸುವ ಫೆವಿಕ್ವಿಕ್ ಬೇರೆ. ಇದರಲ್ಲಿ ಎರಡು ಮಾತಿಲ್ಲ. ಆದರೆ ಆ ಹೊತ್ತಿನಲ್ಲಿ ಡ್ಯೂಟಿ ಡಾಕ್ಟರ್ ಎಲ್ಲಿದ್ದರು? ಹೊಲಿಗೆಯ ದಾರ, ಸೂಜಿ, ಮರಗಟ್ಟಿಸುವ ಇಂಜೆಕ್ಷನ್ ಸ್ಟಾಕಿನಲ್ಲಿತ್ತೆ? ಮಕ್ಕಳ ಗಾಯ ನೋಡುವ ತರಬೇತಿ ಆಕೆಗೆ ಯಾವ ವರ್ಷ ಕೊಟ್ಟಿದ್ದರು? ಸಸ್ಪೆನ್ಷನ್ ಆರ್ಡರ್ ಇವಕ್ಕೆಲ್ಲ ಉತ್ತರ ಹೇಳುವುದಿಲ್ಲ. ಒಬ್ಬರನ್ನು ತೋರಿಸಿ ಉಳಿದವರು ಪಕ್ಕಕ್ಕೆ ಸರಿಯುವುದಕ್ಕೆ ಅದು ಸುಲಭದ ದಾರಿ.

ಮಗು ಎಂದರೆ ಸಣ್ಣ ಅಳತೆಯ ದೊಡ್ಡ ಮನುಷ್ಯ ಅಲ್ಲ. ದೊಡ್ಡವರಿಗೆ ಒಂದು ಮಾತ್ರೆ ಎಂದರೆ ಮುಗಿಯಿತು. ಮಗುವಿಗೆ ತೂಕ ನೋಡಿ ಲೆಕ್ಕ ಹಾಕಬೇಕು. ಜ್ವರದ ಪ್ಯಾರಾಸಿಟಮಾಲ್ ಅನ್ನೇ ತೆಗೆದುಕೊಳ್ಳಿ. ಒಂದು ಸಲಕ್ಕೆ ಕಿಲೋಗೆ ಸುಮಾರು 15 ಮಿಲಿಗ್ರಾಂ, ಅಂದರೆ 8 ಕಿಲೋ ಮಗುವಿಗೆ 120 ಮಿಲಿಗ್ರಾಂ. ಹನಿ ಹಾಕುವ ಡ್ರಾಪ್ಸ್ ಬಾಟಲಿಯಲ್ಲಿ ಸಾಮಾನ್ಯವಾಗಿ 1 ಎಂಎಲ್‌ಗೇ 100 ಮಿಲಿಗ್ರಾಂ ಇರುತ್ತದೆ. ಸಿರಪ್‌ನಲ್ಲಿ ಹೆಚ್ಚು ಕಡಿಮೆ ಅಷ್ಟೇ ಔಷಧಿ 5 ಎಂಎಲ್‌ಗೆ ಇರುತ್ತದೆ. ಸಿರಪ್ ಎಂದುಕೊಂಡು ಡ್ರಾಪ್ಸನ್ನು 5 ಎಂಎಲ್ ಕುಡಿಸಿದರೆ ನಾಲ್ಕು ಪಟ್ಟು ಔಷಧಿ ಹೊಟ್ಟೆಗೆ ಹೋಯಿತು. ಈ ವ್ಯತ್ಯಾಸ ಗೊತ್ತಿರುವವರ ಕೈಯಲ್ಲಿ ನಮ್ಮ ಮಕ್ಕಳಿರಬೇಕು.

ಇದ್ದಾರೆಯೇ? ಒಂದು ರಾತ್ರಿ ನಮ್ಮಕ್ಕನ ಒಂದೂವರೆ ವರ್ಷದ ಮಗಳಿಗೆ ಜ್ವರ ಏರಿತು. ಒಂದು ಖಾಸಗಿ ನರ್ಸಿಂಗ್ ಹೋಮಿಗೆ ಸೇರಿಸಿದೆವು. ಡ್ರಿಪ್ ಹಾಕಲು ಬಂದವಳು ಹತ್ತೊಂಬತ್ತೋ ಇಪ್ಪತ್ತೋ ವರ್ಷದ ಹುಡುಗಿ. ಮೂರು ಸಲ ಚುಚ್ಚಿದರೂ ನರ ಸಿಗಲಿಲ್ಲ. ಅವಳ ಕೈ ನಡುಗುತ್ತಿತ್ತು. ಅಜ್ಜಿ ಕೇಳಿದರು, 'ಏನವ್ವ ಓದಿರೋದು ನೀನು?' 'ಪಿಯುಸಿ ಕಣಜ್ಜಿ. ಇಲ್ಲೇ ನೋಡ್ಕಂಡು ನೋಡ್ಕಂಡು ಕಲ್ತ್ಕಂಡೆ.' ಮಗುವನ್ನು ತೂಕಕ್ಕೂ ಹಾಕಿರಲಿಲ್ಲ. ಆ ಹುಡುಗಿಯ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವಳೂ ನಮ್ಮಂಥ ರೈತರ ಮನೆಯ ಮಗಳೇ. ಸಿಟ್ಟು ಬಂದದ್ದು ಅವಳಿಗೆ ಬಿಳಿ ಕೋಟು ತೊಡಿಸಿ ಪೂರ್ತಿ ನರ್ಸಿನ ಬಿಲ್ ಹಾಕಿದವರ ಮೇಲೆ.

ನರ್ಸ್ ಎಂದು ಕರೆಸಿಕೊಳ್ಳಲು ಎರಡು ವರ್ಷದ ಎಎನ್‌ಎಂ, ಮೂರು ವರ್ಷದ ಜಿಎನ್‌ಎಂ ಅಥವಾ ನಾಲ್ಕು ವರ್ಷದ ಬಿಎಸ್ಸಿ ಓದಿರಬೇಕು. ಓದಿದರೆ ಸಾಲದು, ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಿರಬೇಕು. ನೋಡಿ ಕಲಿತದ್ದು ಲೆಕ್ಕಕ್ಕಿಲ್ಲ.

ಇದು ಬರೀ ನನ್ನ ಮಾತಲ್ಲ. 1993ರ ಡಿಸೆಂಬರಿನಲ್ಲಿ ದೆಹಲಿಯ ಸ್ಪ್ರಿಂಗ್ ಮೆಡೋಸ್ ಆಸ್ಪತ್ರೆಗೆ ಟೈಫಾಯ್ಡ್ ಆಗಿದ್ದ ಒಂದು ಮಗು ಸೇರಿತು. ಡಾಕ್ಟರ್ ಬರೆದದ್ದು ಕ್ಲೋರೋಮೈಸೆಟಿನ್. ನರ್ಸ್ ತರಿಸಿ ಚುಚ್ಚಿದ್ದು ಲಾರಿಯಾಗೋ, ಅಂದರೆ ಮಲೇರಿಯಾ ಔಷಧಿ. ಮಗುವಿನ ಹೃದಯ ನಿಂತಿತು. ಜೀವ ಉಳಿಯಿತು, ಮೆದುಳು ಉಳಿಯಲಿಲ್ಲ. ವಿಚಾರಣೆಯಲ್ಲಿ ತಿಳಿದದ್ದೇನೆಂದರೆ ಚುಚ್ಚಿದವರು ಅರ್ಹ ನರ್ಸೇ ಅಲ್ಲ, ಯಾವ ರಾಜ್ಯದ ಕೌನ್ಸಿಲ್‌ನಲ್ಲೂ ಅವರ ನೋಂದಣಿ ಇರಲಿಲ್ಲ. ಮಗುವಿಗೆ 12.5 ಲಕ್ಷ, ಅಪ್ಪ ಅಮ್ಮನ ಸಂಕಟಕ್ಕೆ 5 ಲಕ್ಷ ರೂಪಾಯಿ ಕೊಡಬೇಕೆಂದು ರಾಷ್ಟ್ರೀಯ ಗ್ರಾಹಕ ಆಯೋಗ ಹೇಳಿತು. 1998ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅರ್ಹತೆ ಇಲ್ಲದವರನ್ನು ಕೆಲಸಕ್ಕೆ ಇಟ್ಟ ಆಸ್ಪತ್ರೆಯೇ ಹೊಣೆ. ಮಗುವಿನ ಜೊತೆಗೆ ಹೆತ್ತವರೂ ಗ್ರಾಹಕರೇ, ಅವರಿಗೂ ಪರಿಹಾರ ಕೇಳುವ ಹಕ್ಕಿದೆ ಎಂದಿತು ಕೋರ್ಟ್.

'ಅದು ಪ್ರೈವೇಟು, ನಾವು ಹೋಗೋದು ಸರ್ಕಾರಿ ಆಸ್ಪತ್ರೆಗೆ' ಅನ್ನಬಹುದು. ಎಲ್ಲರಿಗೂ ಪೂರ್ತಿ ಉಚಿತವಾಗಿ ನೋಡುವ ಆಸ್ಪತ್ರೆಯ ಮೇಲೆ ಗ್ರಾಹಕ ಕೋರ್ಟಿಗೆ ಹೋಗಲಾಗದು, ನಿಜ. 1995ರ ತೀರ್ಪು ಹಾಗೆ ಹೇಳುತ್ತದೆ. ಆದರೆ ಸಿವಿಲ್ ಕೋರ್ಟ್ ಇದೆ, ಹೈಕೋರ್ಟ್ ಇದೆ. ಸರ್ಕಾರಿ ಆಸ್ಪತ್ರೆಯ ಸಿಬ್ಬಂದಿಯ ನಿರ್ಲಕ್ಷ್ಯಕ್ಕೆ ಸರ್ಕಾರ ಹೊಣೆ ಎಂದು 2000ರಲ್ಲಿ ಹರಿಯಾಣದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಉಚಿತ ಎಂದರೆ ಬೇಜವಾಬ್ದಾರಿಗೆ ರಹದಾರಿ ಅಲ್ಲ.

ಇನ್ನು ನರ್ಸಮ್ಮಂದಿರ ಕಡೆಯಿಂದ ನೋಡಿ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಅದರ 106ನೇ ಕಲಂ ಪ್ರಕಾರ ಚಿಕಿತ್ಸೆ ಕೊಡುವಾಗ ನಿರ್ಲಕ್ಷ್ಯದಿಂದ ಸಾವಾದರೆ ನೋಂದಾಯಿತ ವೈದ್ಯರಿಗೆ ಗರಿಷ್ಠ 2 ವರ್ಷ ಜೈಲು. ಉಳಿದವರಿಗೆ ಗರಿಷ್ಠ 5 ವರ್ಷ. ನರ್ಸ್ ಬರುವುದು ಆ ಉಳಿದವರ ಪಟ್ಟಿಯಲ್ಲಿ. ಒಂದೇ ವಾರ್ಡು, ಒಂದೇ ಮಗು, ಒಂದೇ ತಪ್ಪು. ಬರೆದವರಿಗೆ ಎರಡು, ಚುಚ್ಚಿದವರಿಗೆ ಐದು! ಇದು ಯಾವ ನ್ಯಾಯ?

ಪೋಕ್ಸೊ ಕಾಯ್ದೆಯೂ ಅವರ ತಲೆಯ ಮೇಲಿದೆ. 18 ತುಂಬದ ಹುಡುಗಿ ಬಸುರಿಯಾಗಿ ಬಂದರೆ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ 6 ತಿಂಗಳವರೆಗೆ ಜೈಲು. ತಿಳಿಸಿದರೆ ಊರಿನವರು ಬಾಗಿಲಿಗೆ ಬಂದು ಗಲಾಟೆ ಮಾಡುತ್ತಾರೆ. ಆಸ್ಪತ್ರೆ ಸಿಬ್ಬಂದಿಯ ಮೇಲೆ ಕೈ ಮಾಡಿದರೆ 3 ವರ್ಷದವರೆಗೆ ಜೈಲು ಎಂದು 2009ರಲ್ಲೇ ರಾಜ್ಯ ಕಾಯ್ದೆ ಮಾಡಿದೆ. ಗಲಾಟೆ ಮಾಡುವವರಿಗೆ ಅದನ್ನು ಹೇಳುವವರು ಯಾರು?

ಐದು ರೋಗಿಗಳಿಗೆ ಒಬ್ಬ ನರ್ಸ್, ಬೋಧನಾ ಆಸ್ಪತ್ರೆಯಲ್ಲಿ ಮೂವರಿಗೆ ಒಬ್ಬರು ಎನ್ನುತ್ತದೆ ಭಾರತೀಯ ನರ್ಸಿಂಗ್ ಕೌನ್ಸಿಲ್‌ನ ಮಾನದಂಡ. ಮಕ್ಕಳ ವಾರ್ಡಿನಲ್ಲಿ ಒಂದು ರಾತ್ರಿ ಕಳೆದಿರುವ ಯಾವ ತಾಯಿಯನ್ನಾದರೂ ಕೇಳಿ, ಎಷ್ಟು ಹಾಸಿಗೆಗೆ ಎಷ್ಟು ಜನ ಸಿಸ್ಟರ್ ಇದ್ದರು ಎಂದು. ಅದರಲ್ಲೂ ಎಷ್ಟೋ ಜನ ಗುತ್ತಿಗೆಯವರು. ಡೋಸ್ ಅನುಮಾನವಿದೆ ಸರ್, ಇನ್ನೊಮ್ಮೆ ನೋಡಿ ಎಂದು ಡಾಕ್ಟರಿಗೆ ಹೇಳುವುದು ನರ್ಸಿನ ಕರ್ತವ್ಯ. ವರ್ಷ ವರ್ಷವೂ ಗುತ್ತಿಗೆ ಮುಂದುವರಿಯುತ್ತದೋ ಇಲ್ಲವೋ ಎಂದು ಕಾಯುವವರಿಗೆ ಆ ಧೈರ್ಯ ಎಲ್ಲಿಂದ ಬರಬೇಕು?

ಹಾಗಾದರೆ ತಪ್ಪು ಮಾಡಿದ ನರ್ಸನ್ನು ಬಿಟ್ಟುಬಿಡಬೇಕೆ? ಬೇಡ, ವಿಚಾರಣೆ ಆಗಲಿ. ಆದರೆ ಹುದ್ದೆ ಖಾಲಿ ಬಿಟ್ಟವರನ್ನೂ, ಔಷಧಿ ಕಳಿಸದವರನ್ನೂ, ಓದದ ಹುಡುಗಿಗೆ ಸೂಜಿ ಕೊಟ್ಟವರನ್ನೂ ಅದೇ ಬೆಂಚಿನ ಮೇಲೆ ಕೂರಿಸಿ.

ನಮ್ಮ ಕೆರಗೋಡಿನ ಹೆಸರು 2024ರ ಜನವರಿಯಲ್ಲಿ ದೇಶಕ್ಕೆಲ್ಲ ಗೊತ್ತಾಯಿತು. 108 ಅಡಿ ಧ್ವಜಸ್ತಂಭಕ್ಕಾಗಿ ಪೊಲೀಸರು ಬಂದರು, ಟಿವಿಯವರು ಬಂದರು, ಎಲ್ಲ ಪಕ್ಷದವರೂ ಮಾತಾಡಿದರು, ಇಲ್ಲಿಂದ ಮಂಡ್ಯಕ್ಕೆ ಪಾದಯಾತ್ರೆ ಹೋಯಿತು. ಯಾವ ಬಾವುಟ ಸರಿ ಎಂಬ ಜಗಳ ನನಗೆ ಬೇಡ. ಅದೇ ರಸ್ತೆಯಲ್ಲಿ ಫಿಟ್ಸ್ ಬಂದ ಮಗುವನ್ನು ಎತ್ತಿಕೊಂಡು ಮಂಡ್ಯದ ಮಿಮ್ಸ್‌ಗೆ ಓಡುವ ತಾಯಂದಿರ ಪರವಾಗಿ ಒಂದು ಪಾದಯಾತ್ರೆ ಯಾಕಿಲ್ಲ ಎಂಬುದಷ್ಟೇ ನನ್ನ ಪ್ರಶ್ನೆ. ಕೂಗುವ ಶಕ್ತಿ ನಮಗಿದೆ ಎಂದು ಆಗಲೇ ತೋರಿಸಿದ್ದೇವಲ್ಲ.

ಮುಂದಿನ ಗ್ರಾಮಸಭೆಯಲ್ಲಿ ಕೈ ಎತ್ತಿ ಕೇಳಿ. ನಮ್ಮ ಆಸ್ಪತ್ರೆಗೆ ಮಂಜೂರಾದ ನರ್ಸ್ ಹುದ್ದೆ ಎಷ್ಟು, ತುಂಬಿರುವುದು ಎಷ್ಟು, ರಾತ್ರಿ ಯಾರಿರುತ್ತಾರೆ? ಉತ್ತರ ಸಿಗದಿದ್ದರೆ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಡಿಎಚ್‌ಒ ಕಚೇರಿಗೆ ಅರ್ಜಿ ಹಾಕಿ. 30 ದಿನದಲ್ಲಿ ಉತ್ತರ ಕೊಡಬೇಕು. ಬಿಪಿಎಲ್ ಕಾರ್ಡಿನವರಿಗೆ ಆ 10 ರೂಪಾಯಿಯೂ ಬೇಡ. ಖಾಸಗಿ ಆಸ್ಪತ್ರೆಯ ಮೇಲೆ ದೂರಿದ್ದರೆ ಡಿಸಿ ಅಧ್ಯಕ್ಷತೆಯ ಜಿಲ್ಲಾ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರಕ್ಕೆ ಬರೆದು ಕೊಡಿ. ಮಗುವಿಗೆ ಸೂಜಿ ಚುಚ್ಚುವ ಮುನ್ನ ಮೂರು ಮಾತು ಕೇಳಿ. ಯಾವ ಔಷಧಿ? ಎಷ್ಟು? ತೂಕ ನೋಡಿದಿರಾ? ಮರ್ಯಾದೆಯಿಂದಲೇ ಕೇಳಿ. ಓದಿದ ನರ್ಸಮ್ಮ ಬೇಜಾರು ಮಾಡಿಕೊಳ್ಳುವುದಿಲ್ಲ, ಸಂತೋಷದಿಂದಲೇ ಹೇಳುತ್ತಾರೆ.

ಆಡೂರಿನ ಹುಡುಗನ ಅಪ್ಪ ಅಮ್ಮ ವಿಡಿಯೊ ಮಾಡಿದ್ದರಿಂದ ಒಂದು ತಪ್ಪು ಬೆಳಕಿಗೆ ಬಂತು. ಖಾಲಿ ಕುರ್ಚಿಯನ್ನೂ ಒಮ್ಮೆ ವಿಡಿಯೊ ಮಾಡೋಣ.