ಔಟಾದ ಹುಡುಗ ಎಲ್ಲಿ ಕೂರಬೇಕು?

ನನ್ನ ತಂಗಿಯ ಮಗನಿಗೆ ಈ ಏಪ್ರಿಲ್‌ನಲ್ಲಿ ಹತ್ತು ವರ್ಷ ತುಂಬಿತು. ಇನ್ನೂ ಎರಡು ವಾರ ಇರುವಾಗಲೇ ತಿಪಟೂರಿನಿಂದ ತಂಗಿಯ ಫೋನು. "ಅಣ್ಣಾ, ಈ ಸಲ ಇವನಿಗೆ ಸ್ಪೋರ್ಟ್ಸ್ ಥೀಮೇ ಆಗ್ಬೇಕಂತೆ. ಡೆಕೋರೇಷನ್ನಿನವರು ಫುಟ್‌ಬಾಲ್ ಥರದ ಬಲೂನು, ಪಿಚ್ಚು ವಿಕೆಟ್ಟು ಇರೋ ಕೇಕು, ಗೋಡೆಗೆ ಸ್ಟೇಡಿಯಂ ಫ್ಲೆಕ್ಸು ಎಲ್ಲಾ ಹಾಕ್ತಾರಂತೆ. ರೇಟು ಕೇಳಿದ್ರೆ ತಲೆ ತಿರುಗುತ್ತೆ. ನೀನು ಮೇಷ್ಟ್ರು, ಏನಾದ್ರೂ ಐಡಿಯಾ ಹೇಳು."

ಅವಳು ಹೇಳಿದ ಪಟ್ಟಿಯಲ್ಲಿ ಕ್ರೀಡೆಯ ಚಿತ್ರಗಳೆಲ್ಲ ಇದ್ದವು, ಆಟ ಒಂದೂ ಇರಲಿಲ್ಲ. "ಫ್ಲೆಕ್ಸು ಬಿಡು, ಆಟ ನಾನು ಆಡಿಸುತ್ತೇನೆ" ಎಂದು ಒಪ್ಪಿಕೊಂಡೆ. ಶನಿವಾರ ಸಂಜೆ ಅಲ್ಲಿಗೆ ಹೋಗಿ ಅಳಿಯನ ಜೊತೆ ಕೂತು, ಕರೆಯಬೇಕಾದ ಹದಿನಾರು ಮಕ್ಕಳ ಹೆಸರು ಬರೆದೆ. ಮೊದಲನೇ ಹೆಸರು ಅವನ ಆಪ್ತ ಗೆಳೆಯನದು. ಬರೆಸಿದ ಮೇಲೆ ಹುಡುಗ ಮೆಲ್ಲಗೆ ಹೇಳಿದ: "ಇವನು ಬರಲ್ವಂತೆ ಮಾವ. ಆಟ ಆಡಿಸಲ್ಲ ಅಂದ್ರೆ ಮಾತ್ರ ಬರ್ತಾನಂತೆ."

ಆಗ ನನಗೆ ಹಿಂದಿನ ವರ್ಷದ್ದು ನೆನಪಾಯಿತು. ಮ್ಯೂಸಿಕಲ್ ಚೇರ್ ಆಡಿಸಿದವನು ನಾನೇ. ಮೊಬೈಲಿನಲ್ಲಿ ಹಾಡು ಹಾಕಿ ನಿಲ್ಲಿಸುವ ಅಧಿಕಾರ ನನ್ನದು. ದಪ್ಪ ಗಾಜಿನ ಕನ್ನಡಕದ ಆ ಹುಡುಗ ಮೊದಲನೇ ಸುತ್ತಿಗೇ ಔಟಾದ. ಆಮೇಲೆ ಚಮಚ-ನಿಂಬೆಹಣ್ಣಿನ ಓಟದಲ್ಲಿ ನಾಲ್ಕು ಹೆಜ್ಜೆಗೇ ನಿಂಬೆಹಣ್ಣು ಬಿತ್ತು. ಚೆಂಡಿನಾಟದಲ್ಲಿ ಮೊದಲ ಏಟು ಅವನಿಗೇ. ಹೋಗಿ ಜಗಲಿಯ ಮೇಲೆ ಕೂತ. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ಅಲ್ಲಿ ಚೆಲ್ಲಾಪಿಲ್ಲಿಯಾಗಿದ್ದ ಚಪ್ಪಲಿಗಳನ್ನು ಜೋಡಿ ಜೋಡಿಯಾಗಿ ಇಡುತ್ತಿದ್ದ. ಕೇಕ್ ಕತ್ತರಿಸುವ ಮೊದಲೇ ಹೊಟ್ಟೆನೋವು ಎಂದು ಮನೆಗೆ ಹೋದ. ಇಷ್ಟು ವರ್ಷ ಮಕ್ಕಳಿಗೆ ಪಾಠ ಹೇಳಿದ ನಾನು ಅದನ್ನು ಹೊಟ್ಟೆನೋವು ಎಂದೇ ನಂಬಿ, ಓಮಿನ ಕಷಾಯ ಕೊಡಿ ಎಂದು ಅವನ ತಾಯಿಗೆ ಹೇಳಿ ಕಳುಹಿಸಿದ್ದೆ!

ಆ ರಾತ್ರಿ ಕಾಗದ ತೆಗೆದುಕೊಂಡು ಲೆಕ್ಕ ಹಾಕಿದೆ. ವಿದ್ಯಾರ್ಥಿಗಳು ಇದನ್ನು ತಾವೂ ಮಾಡಿ ನೋಡಬಹುದು. ಹದಿನಾರು ಮಕ್ಕಳ ಮ್ಯೂಸಿಕಲ್ ಚೇರ್ ಮುಗಿಯಲು 15 ಸುತ್ತು ಬೇಕು. ಗೆದ್ದವನು 15 ಸುತ್ತೂ ಆಡುತ್ತಾನೆ. ಮೊದಲು ಔಟಾದವನು ಒಂದು ಸುತ್ತು ಆಡಿ 14 ಸುತ್ತು ನೋಡುತ್ತಾನೆ, ಎರಡನೆಯವನು 13 ಸುತ್ತು ನೋಡುತ್ತಾನೆ. ಹೀಗೆ 14ರಿಂದ 1ರವರೆಗೆ ಕೂಡಿದರೆ 105 ಬರುತ್ತದೆ. ಸುತ್ತಿಗೆ ಎರಡು ನಿಮಿಷ ಎಂದರೂ ಅರ್ಧ ಗಂಟೆಯ ಆಟದಲ್ಲಿ ಮಕ್ಕಳೆಲ್ಲ ಸೇರಿ 210 ನಿಮಿಷ ಸುಮ್ಮನೆ ಕೂತಿರುತ್ತಾರೆ. ಅದರಲ್ಲೂ ಯಾರಿಗೆ ಆಟದ ಅಭ್ಯಾಸ ಕಡಿಮೆಯೋ ಅವರಿಗೇ ಕೂರುವ ಪಾಲು ಹೆಚ್ಚು. ಗಣಿತದಲ್ಲಿ ಹಿಂದಿರುವ ಹುಡುಗನನ್ನು ಮೊದಲ ಲೆಕ್ಕ ತಪ್ಪಿದ ಕೂಡಲೇ ತರಗತಿಯಿಂದ ಆಚೆ ಕಳಿಸುವ ಮೇಷ್ಟ್ರನ್ನು ನೀವು ಒಪ್ಪುತ್ತೀರಾ?

ಆದ್ದರಿಂದ ಈ ಸಲ ಒಂದೇ ನಿಯಮ ಇಟ್ಟುಕೊಂಡೆ. ಔಟಾಗಬಹುದು, ಆದರೆ ಕೂರುವಂತಿಲ್ಲ. ಅಳಿಯನೇ ಗೆಳೆಯನ ಮನೆಗೆ ಹೋಗಿ ಇದನ್ನು ಹೇಳಿ ಬಂದ. ಬರುತ್ತಾನೋ ಇಲ್ಲವೋ ಎಂಬುದು ಮಾತ್ರ ಖಾತ್ರಿಯಾಗಲಿಲ್ಲ.

ಬೀದಿಯ ಕೊನೆಯಲ್ಲಿ ಒಂದು ಖಾಲಿ ಸೈಟು, ಅದರ ಅಂಚಿಗೆ ಒಂದು ಬೇವಿನ ಮರ. ಮಾಲೀಕರನ್ನು ಕೇಳಿ, ಎರಡು ದಿನ ಮುಂಚೆಯೇ ಕಾಂಗ್ರೆಸ್ ಗಿಡ ಕೀಳಿಸಿ, ಗಾಜಿನ ಚೂರು ಆರಿಸಿದೆ. ಈ ಗಿಡದ ಪರಾಗದಿಂದ ಕೆಲವರಿಗೆ ಉಬ್ಬಸ, ಮೈತುರಿಕೆ ಬರುತ್ತದೆ. ಕೀಳುವವರಿಗೆ ಕೈಗವಸು ಇರಲಿ, ಮಕ್ಕಳಿಂದ ಕೀಳಿಸಬೇಡಿ. ಗೆರೆ ಎಳೆಯಲು ತಂಗಿಯ ಯಜಮಾನರು ಸುಣ್ಣದ ಪುಡಿ ತಂದಿದ್ದರು, ವಾಪಸು ಕಳಿಸಿದೆ. ಸುಣ್ಣ ತೀಕ್ಷ್ಣವಾದ ಕ್ಷಾರ, ಧೂಳೆದ್ದು ಕಣ್ಣಿಗೆ ಬಿದ್ದರೆ ಸುಡುತ್ತದೆ. ರಂಗೋಲಿ ಪುಡಿ ಸಾಕು. ಆಡುವ ಅಂಕಣವನ್ನು ಉತ್ತರ-ದಕ್ಷಿಣಕ್ಕೆ ಹಾಕಿದೆ. ಸಂಜೆಯ ಇಳಿಬಿಸಿಲು ಕಣ್ಣಿಗೆ ನೇರವಾಗಿ ಹೊಡೆದರೆ ಒಳ್ಳೆಯ ದೃಷ್ಟಿಯವರಿಗೂ ಚೆಂಡು ಕಾಣದು, ಇನ್ನು ಕನ್ನಡಕದವರ ಪಾಡೇನು?

ತಂಡ ಮಾಡುವುದರಲ್ಲೇ ನಾನು ಎಡವುತ್ತಿದ್ದೆ. ಹಗ್ಗಜಗ್ಗಾಟಕ್ಕೆ ಎರಡೂ ಕಡೆ ಸಮತೂಕ ಇರಲೆಂದು ತೂಕದ ಯಂತ್ರ ತರುತ್ತೇನೆ ಅಂದೆ. ತಂಗಿ ಗದರಿಸಿದಳು. "ದಪ್ಪಗಿರೋ ಹುಡುಗೀರೂ ಬರ್ತಾರೆ, ಅವರನ್ನ ಎಲ್ಲರ ಮುಂದೆ ತೂಕಕ್ಕೆ ಹಾಕ್ತೀಯಾ ಅಣ್ಣಾ? ನಾವು ಚಿಕ್ಕೋರಿದ್ದಾಗ ಹೆಂಗೆ ಭಾಗ ಆಗ್ತಿದ್ವಿ, ಮರೆತೆಯಾ?" ನಿಜ, ಮರೆತಿದ್ದೆ. ಸರಿಸುಮಾರು ಒಂದೇ ಶಕ್ತಿಯ ಇಬ್ಬರು ಹೆಗಲ ಮೇಲೆ ಕೈ ಹಾಕಿಕೊಂಡು ದೂರ ಹೋಗಿ, ಗುಟ್ಟಾಗಿ ಒಬ್ಬ ಮಾವು, ಇನ್ನೊಬ್ಬ ಹಲಸು ಎಂದು ಹೆಸರಿಟ್ಟುಕೊಂಡು ಬರುತ್ತಿದ್ದರು. "ಮಾವು ಬೇಕೋ, ಹಲಸು ಬೇಕೋ?" ನಾಯಕ ಹಣ್ಣನ್ನು ಆರಿಸುತ್ತಿದ್ದ, ಹುಡುಗನನ್ನಲ್ಲ. ಯಾರಿಗೂ ಬೇಡವಾಗಿ ಕೊನೆಗೆ ಒಬ್ಬನೇ ಉಳಿಯುವ ಅವಮಾನ ಅದರಲ್ಲಿ ಇರಲಿಲ್ಲ. ಬಿ.ಎಡ್.ನಲ್ಲಿ ನನಗೆ ಇದನ್ನು ಯಾರೂ ಹೇಳಿಕೊಡಲಿಲ್ಲ.

ಹುಟ್ಟುಹಬ್ಬದ ದಿನ ನಾಲ್ಕೂವರೆಗೆ ಮಕ್ಕಳು ಬರತೊಡಗಿದರು. ಆ ಹುಡುಗ ಐದು ಗಂಟೆಗೆ, ಅಮ್ಮನ ಹಿಂದೆ ಅರ್ಧ ಅಡಗಿಕೊಂಡು ಬಂದ. ಕನ್ನಡಕದ ಎರಡು ಕಡ್ಡಿಗೂ ಎಲಾಸ್ಟಿಕ್ ಕಟ್ಟಿಕೊಟ್ಟೆ, ಅಷ್ಟೆ. ಬೇರೇನೂ ಹೇಳಲಿಲ್ಲ.

ಮೊದಲು ಮ್ಯೂಸಿಕಲ್ ಚೇರ್ ಬದಲು ನೆಲದ ಮೇಲೆ ರಂಗೋಲಿ ಪುಡಿಯ ವೃತ್ತಗಳು. ಪ್ರತಿ ಸುತ್ತಿಗೆ ಒಂದು ವೃತ್ತ ಅಳಿಸುತ್ತೇವೆ, ಮಗುವನ್ನಲ್ಲ. ಉಳಿದ ವೃತ್ತಗಳಲ್ಲಿ ಎಲ್ಲರೂ ಒಂದೊಂದು ಕಾಲನ್ನಾದರೂ ಇಡಬೇಕು. ಕೊನೆಗೆ ಮೂರು ವೃತ್ತದಲ್ಲಿ ಹದಿನಾರು ಜನ ಒಬ್ಬರನ್ನೊಬ್ಬರು ಹಿಡಿದುಕೊಂಡು ತೂಗಾಡಿ ಒಟ್ಟಿಗೆ ಬಿದ್ದರು. ಆಮೇಲೆ ಲಗೋರಿ. ಏಳು ಚಪ್ಪಟೆ ಕಲ್ಲು, ಹಳೆಯ ಕಾಲುಚೀಲ ಸುತ್ತಿ ಹೊಲಿದ ಬಟ್ಟೆ ಚೆಂಡು. ಏಟು ತಿಂದವನು ಬೇವಿನ ಮರ ಮುಟ್ಟಿ ಬಂದು ಮತ್ತೆ ಆಟಕ್ಕೆ ಸೇರಬೇಕು.

ಅಳಿಯನಿಗೆ ಕ್ರಿಕೆಟ್ ಬೇಕೇ ಬೇಕಿತ್ತು. ನನ್ನನ್ನು ಕೇಳಿದರೆ ಹುಟ್ಟುಹಬ್ಬಕ್ಕೆ ಕ್ರಿಕೆಟ್‌ನಷ್ಟು ಹೊಂದದ ಆಟ ಇನ್ನೊಂದಿಲ್ಲ. ಒಬ್ಬ ಹೊಡೆಯುತ್ತಾನೆ, ಒಬ್ಬ ಎಸೆಯುತ್ತಾನೆ, ಉಳಿದವರು ನಿಂತಿರುತ್ತಾರೆ. ಕೊನೆಗೆ ರಾಜಿಯಾದೆವು. ಎಂಟು ಜೋಡಿ, ಜೋಡಿಗೆ ಒಂದು ಓವರ್. ಔಟಾದರೆ ಮೂರು ರನ್ ಕಳೆಯುವುದು, ಆದರೆ ಆರೂ ಚೆಂಡು ಆಡಿಯೇ ಆಡಬೇಕು. ತೆಂಗಿನ ಮಟ್ಟೆಯ ಬ್ಯಾಟು, ಟೆನಿಸ್ ಚೆಂಡು. ಕ್ರಿಕೆಟ್ ಚೆಂಡು ಸುಮಾರು 160 ಗ್ರಾಂ, ಟೆನಿಸ್ ಚೆಂಡು ಸುಮಾರು 58. ಒಂದೇ ವೇಗದಲ್ಲಿ ಬಂದರೆ ಮೊದಲನೆಯದರ ಶಕ್ತಿ ಎರಡೂಮುಕ್ಕಾಲು ಪಟ್ಟು, ಮೇಲಾಗಿ ಅದು ಗಟ್ಟಿ. ಚಿಕ್ಕ ಸೈಟಿನಲ್ಲಿ ಅದು ಬೇಡ.

ಹಗ್ಗಜಗ್ಗಾಟ 1900ರಿಂದ 1920ರವರೆಗೆ ಒಲಿಂಪಿಕ್ಸ್‌ನಲ್ಲೇ ಇದ್ದ ಆಟ ಎಂದಾಗ ಮಕ್ಕಳು ನಂಬಲಿಲ್ಲ. ತಿಪಟೂರಿನಲ್ಲಿ ತೆಂಗಿನ ನಾರಿನ ಹಗ್ಗಕ್ಕೆ ಬರವಿಲ್ಲ, ಆದರೆ ಅಂಗೈ ತರಚುತ್ತದೆ, ನೂಲಿನ ಹಗ್ಗವೇ ಮೇಲು. ಹಗ್ಗವನ್ನು ಕೈಗೆ, ಸೊಂಟಕ್ಕೆ ಸುತ್ತಿಕೊಳ್ಳಲು ಬಿಡಲೇಬಾರದು. ಜಗ್ಗಿದಾಗ ಬೆರಳೇ ಹೋಗಬಹುದು. ಗೆದ್ದ ತಂಡದವರನ್ನು ಮನೆಯ ನುಣುಪು ಮೊಸಾಯಿಕ್ ನೆಲದ ಮೇಲೆ ಕಾಲುಚೀಲ ಹಾಕಿಸಿ, ಸೋತವರನ್ನು ಬರಿಗಾಲಿನಲ್ಲಿ ನಿಲ್ಲಿಸಿ ಮೆಲ್ಲಗೆ ಇನ್ನೊಮ್ಮೆ ಜಗ್ಗಿಸಿದೆ. ಫಲಿತಾಂಶ ತಿರುಗುಮುರುಗಾಯಿತು. ಹಗ್ಗ ಎರಡೂ ಕಡೆಯನ್ನು ಹೆಚ್ಚುಕಡಿಮೆ ಒಂದೇ ಬಲದಿಂದ ಎಳೆಯುತ್ತದೆ. ಗೆಲುವನ್ನು ತೀರ್ಮಾನಿಸುವುದು ಪಾದಕ್ಕೂ ನೆಲಕ್ಕೂ ಇರುವ ಘರ್ಷಣೆ. ಪಾಠ ಅಲ್ಲಿಗೇ ನಿಲ್ಲಿಸಿದೆ, ಹುಟ್ಟುಹಬ್ಬದ ದಿನ ಅದಕ್ಕಿಂತ ಹೆಚ್ಚು ಭೌತಶಾಸ್ತ್ರ ಯಾರಿಗೂ ಬೇಡ.

ಕತ್ತಲಾಗುತ್ತಿದ್ದಂತೆ ಹಜಾರದಲ್ಲಿ ಗೆಜ್ಜೆ ಚೆಂಡು. ಇದು ನನ್ನ ಕಲ್ಪನೆಯಲ್ಲ. ಎರಡನೇ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ 1946ರಲ್ಲಿ ಹುಟ್ಟಿದ ಗೋಲ್‌ಬಾಲ್ ಎಂಬ ಆಟದ ಮನೆಯ ರೂಪ. 1976ರಿಂದ ಅದು ಪ್ಯಾರಾಲಿಂಪಿಕ್ಸ್‌ನಲ್ಲಿದೆ. ಅಲ್ಲಿ ಸ್ವಲ್ಪ ಕಾಣುವವರೂ ಏನೂ ಕಾಣದವರೂ ಒಂದೇ ಸಮನಾಗಲೆಂದು ಎಲ್ಲರಿಗೂ ಕಣ್ಣುಪಟ್ಟಿ. ಚೆಂಡಿನೊಳಗೆ ಗಂಟೆ ಇರುತ್ತದೆ, ಮೂರು ಮೂರು ಜನ ಎದುರುಬದುರು ನಿಂತು ನೆಲದ ಮೇಲೆ ಉರುಳಿಸುತ್ತಾರೆ. ನಾನು ರಬ್ಬರ್ ಚೆಂಡಿಗೆ ಬಟ್ಟೆ ಸುತ್ತಿ, ತಂಗಿಯ ಹಳೆಯ ಭರತನಾಟ್ಯದ ಗೆಜ್ಜೆ ಹೊಲಿದೆ. ಕಣ್ಣಿಗೆ ಟವೆಲ್ಲು. ಮಂಡಿಯೂರಿ ಕೂತು, ಸದ್ದು ಬಂದ ಕಡೆಗೆ ಕೈಚಾಚಿ ತಡೆಯಬೇಕು. ನೋಡುವವರು ಉಸಿರೆತ್ತಬಾರದು. ಎರಡೆರಡು ನಿಮಿಷಕ್ಕೆ ತಂಡ ಬದಲು. ಹದಿನಾರು ಮಕ್ಕಳಿರುವ ಮನೆಯಲ್ಲಿ ಅಂಥ ನಿಶ್ಶಬ್ದವನ್ನು ನಾನು ಪರೀಕ್ಷಾ ಕೊಠಡಿಯಲ್ಲೂ ಕಂಡಿಲ್ಲ. ಕನ್ನಡಕ ತೆಗೆದಿಟ್ಟ ನಮ್ಮ ಹುಡುಗ ಎರಡು ಚೆಂಡು ತಡೆದ, ಮೂರು ಬಿಟ್ಟ. ಉಳಿದವರೂ ಹಾಗೇ.

ಕೇಕು, ಚಿತ್ರಾನ್ನ, ಕೋಸಂಬರಿ ಆಟ ಮುಗಿದ ಮೇಲೆ. ನಡುವೆ ಅರ್ಧ ಗಂಟೆಗೊಮ್ಮೆ ಉಪ್ಪು ಹಾಕಿದ ನೀರುಮಜ್ಜಿಗೆ. ಎಳನೀರು ಒಳ್ಳೆಯದೇ, ಆದರೆ ಬೆವರಿನಲ್ಲಿ ಹೋಗುವ ಸೋಡಿಯಂ ಅದರಲ್ಲಿ ಕಡಿಮೆ. ಇಬ್ಬರ ಮಂಡಿ ತರಚಿತು. ಪಕ್ಕದ ಮನೆಯ ಅಜ್ಜಿ ಕಾಫಿಪುಡಿ ಹಿಡಿದುಕೊಂಡು ಓಡಿ ಬಂದರು. ಕೈಮುಗಿದು ಅವರನ್ನು ಕೂರಿಸಿ, ನಲ್ಲಿ ನೀರಿನಲ್ಲಿ ಸೋಪು ಹಾಕಿ ತೊಳೆದು ಬಟ್ಟೆ ಕಟ್ಟಿದೆ. ಮೊದಲು, ಎರಡನೇ ಬಹುಮಾನ ಎಂದು ಏನೂ ಇರಲಿಲ್ಲ, ಎಲ್ಲರಿಗೂ ಚನ್ನಪಟ್ಟಣದ ಒಂದೊಂದು ಮರದ ಬುಗುರಿ.

ಏಳೂವರೆಗೆ ಆ ಹುಡುಗನ ತಾಯಿ ಬಂದರು. ಹಿಂದಿನ ವರ್ಷದ ಅನುಭವದಿಂದಲೋ ಏನೋ, ಬಾಗಿಲಲ್ಲೇ ನಿಂತು "ಹೊಟ್ಟೆನೋವು ಅಂದ್ನಾ ಸಾರ್?" ಎಂದು ಕೇಳಿದರು. ನಾನು ಉತ್ತರಿಸುವ ಮೊದಲೇ ಅವನು ಮೈಯೆಲ್ಲ ಮಣ್ಣು ಮಾಡಿಕೊಂಡು, ಒಂದು ಚಪ್ಪಲಿ ಮಾತ್ರ ಮೆಟ್ಟಿಕೊಂಡು ಓಡಿ ಬಂದ. "ಅಮ್ಮಾ, ನಾನು ಇವತ್ತು ಒಂಬತ್ತು ಸಲ ಔಟಾದೆ!"